ಬೆಣ್ಣೆ ಕರಗೀತು, ಜೋಕೆ!

ಹನ್ನೆರಡು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಕಿರುಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯೊಂದನ್ನು ಕೊಟ್ಟಿದ್ದೆ: 'ಬೆಣ್ಣೆ ಕರಗುವುದು ಎಂಥ ಬದಲಾವಣೆ? ಕಾರಣ ಕೊಡಿ.' ಉತ್ತರ ನಿಮಗೂ ಗೊತ್ತು. ಅದು ಭೌತ ಬದಲಾವಣೆ. ಹೊಸ ವಸ್ತು ಉಂಟಾಗುವುದಿಲ್ಲ, ತಣಿಸಿದರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ತರಗತಿಯ ಬಹುಪಾಲು ಮಕ್ಕಳು ಇದನ್ನೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು. 'ಭೌತ ಬದಲಾವಣೆ. ಆದರೆ ತಣಿಸಿದರೂ ಮೊದಲಿನ ಬೆಣ್ಣೆ ಆಗುವುದಿಲ್ಲ. ಮರಳು ಮರಳಾಗುತ್ತದೆ. ಅಡಿಯಲ್ಲಿ ನೀರು ನಿಲ್ಲುತ್ತದೆ.'

ನಾನು 'ಮರಳು ಮರಳಾಗುತ್ತದೆ' ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ 'ಮರಳುತ್ತದೆ' ಎಂದು ತಿದ್ದಿ, ಒಂದು ಅಂಕ ಕಳೆದೆ. ಪತ್ರಿಕೆ ಕೊಟ್ಟ ದಿನ ಅವಳು ಮೇಜಿನ ಬಳಿ ಬಂದು ನಿಂತಳು. "ಸರ್, ನಮ್ಮನೇಲಿ ನಾನೇ ನೋಡಿದೀನಿ" ಎಂದಳು. "ಪುಸ್ತಕದಲ್ಲಿ ಇರೋದನ್ನ ಬರೆಯಮ್ಮ" ಎಂದು ಹೇಳಿ ಕಳಿಸಿದೆ. ಅವರದು ಎಮ್ಮೆ ಕಟ್ಟಿದ ಮನೆ. ತಂದೆ ದಾವಣಗೆರೆಯ ಒಂದು ದೋಸೆ ಹೋಟೆಲಿಗೆ ಬೆಣ್ಣೆ ಹಾಕುತ್ತಿದ್ದವರು. ಬೆಣ್ಣೆಯ ವಿಷಯದಲ್ಲಿ ಆ ಹುಡುಗಿಗೆ ನಾನು ಪಾಠ ಹೇಳಲು ಹೊರಟಿದ್ದೆ!

ಆ ಒಂದು ಅಂಕವನ್ನು ಹಿಂದಿರುಗಿಸಬೇಕಾಗಿ ಬಂದದ್ದು ಫ್ರಾನ್ಸಿನ ಒಂದು ಬಿಸ್ಕತ್ತಿನ ದೆಸೆಯಿಂದ. ಆ ಕಥೆಯನ್ನು ಈ ವಾರ ಹೇಳುತ್ತೇನೆ. ಬಿಸ್ಕತ್ತು ಮಾಡುವ ಬಗೆಯನ್ನೂ ಹೇಳುತ್ತೇನೆ. ರಜೆಯಲ್ಲಿ ತಾಯಿತಂದೆಯರ ಜೊತೆ ಸೇರಿ ಮಾಡಿ ನೋಡಬಹುದು.

ನನ್ನ ಅಕ್ಕನ ಮಗಳು ಫ್ರಾನ್ಸಿನ ರೆನ್ ಎಂಬ ಊರಿನಲ್ಲಿ ಓದುತ್ತಿದ್ದಾಳೆ. ಅದು ಆ ದೇಶದ ಪಶ್ಚಿಮದ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಮೂಗು ಚಾಚಿದಂತಿರುವ ಬ್ರಿಟನಿ ಪ್ರಾಂತದ ಮುಖ್ಯ ನಗರ. ಏಪ್ರಿಲ್‌ನಲ್ಲಿ ಊರಿಗೆ ಬಂದವಳು ಒಂದು ತಗಡಿನ ಡಬ್ಬಿ ತಂದಳು. ಒಳಗೆ ದುಂಡನೆಯ, ಹೊಂಬಣ್ಣದ, ಮೇಲೆ ಗೆರೆ ಎಳೆದ ಬಿಸ್ಕತ್ತುಗಳು. ಒಂದನ್ನು ಬಾಯಿಗಿಟ್ಟೆ. ಕಚ್ಚಿದ್ದಷ್ಟೇ ನೆನಪು, ಜಗಿಯುವ ಮೊದಲೇ ಪುಡಿಪುಡಿಯಾಗಿ ಕರಗಿಹೋಯಿತು. ಸಿಹಿಯ ಹಿಂದೆಯೇ ತೆಳುವಾದ ಉಪ್ಪು.

"ಇದಕ್ಕೆ ಸಾಬ್ಲೆ ಅಂತಾರೆ ಮಾವ. ಫ್ರೆಂಚಿನಲ್ಲಿ ಸಾಬ್ಲ್ ಅಂದರೆ ಮರಳು. ಮರಳಿನ ಹಾಗೆ ಉದುರೋದು ಅಂತ" ಎಂದಳು ಅವಳು. ಮರಳು ಎಂಬ ಮಾತು ಕಿವಿಗೆ ಬಿದ್ದರೂ ಆಗ ನನಗೆ ಏನೂ ನೆನಪಾಗಲಿಲ್ಲ.

ಅವಳು ತಾನಿರುವ ಮನೆಯ ಒಡತಿಯಿಂದ ಬರೆದುಕೊಂಡು ಬಂದ ವಿಧಾನ ಅರ್ಧ ಹಾಳೆಯಷ್ಟೂ ಇರಲಿಲ್ಲ. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆಯ ಹಳದಿ, ಉಪ್ಪು. ಐದೇ ಸಾಮಾನು. 'ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆ ತೆಗೆದುಕೊಳ್ಳಿ' ಎಂದಿತ್ತು. ಇದರಲ್ಲೇನು ಮಹಾ ಎಂದುಕೊಂಡು, ಅವಳು ಹಿಂತಿರುಗಿದ ಮರುವಾರವೇ ನಾನು ಅಡುಗೆಮನೆಗೆ ಇಳಿದೆ. ಮನೆಯಲ್ಲಿ ಕಡೆದ ಬೆಣ್ಣೆಯನ್ನು ವಿಧಾನದಲ್ಲಿ ಹೇಳಿದಂತೆ ಹೊರಗಿಟ್ಟೆ. ಹಿಟ್ಟು ಕಲಸುವಾಗ, ಚಪಾತಿಗೆ ಮಾಡುವಂತೆ ಹದಿನೈದು ನಿಮಿಷ ಚೆನ್ನಾಗಿ ನಾದಿದೆ. ಬಿಲ್ಲೆ ಕತ್ತರಿಸಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಓವನ್ನಿಗೆ ಇಟ್ಟೆ.

ಒಳಗೆ ಹೋದದ್ದು ಹನ್ನೆರಡು ಬಿಸ್ಕತ್ತು, ಹೊರಗೆ ಬಂದದ್ದು ಒಂದು! ಎಲ್ಲ ಕರಗಿ, ಹರಡಿ, ಒಂದಕ್ಕೊಂದು ಕೂಡಿಕೊಂಡಿದ್ದವು. ತಣಿದ ಮೇಲೆ ಅದು ಮಂಗಳೂರು ಹೆಂಚಿನಷ್ಟು ಗಟ್ಟಿಯಾಯಿತು. ನನ್ನಾಕೆ ಒಂದು ಚೂರನ್ನು ಕಲ್ಲಿನಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಂಡು, "ರುಚಿ ಏನೋ ಚೆನ್ನಾಗಿದೆ. ಹಲ್ಲು ಗಟ್ಟಿ ಇರೋರಿಗೆ ಕೊಡಬಹುದು" ಎಂದಳು.

ವಿಜ್ಞಾನದ ಮೇಷ್ಟರಾಗಿ ನಾನು ಮಾಡಿದ ಮೊದಲ ತಪ್ಪು 'ಕೋಣೆಯ ಉಷ್ಣತೆ' ಎಂಬ ಮಾತನ್ನು ನಂಬಿದ್ದು. ಯಾವ ಕೋಣೆ? ಬ್ರಿಟನಿಯ ಅಡುಗೆಮನೆಯಲ್ಲಿ ಅದು 18–20 ಡಿಗ್ರಿ ಸೆಲ್ಸಿಯಸ್. ಅಲ್ಲಿ ಬೆಣ್ಣೆಯನ್ನು ಮೇಜಿನ ಮೇಲಿಟ್ಟರೆ ಬೆರಳು ಒತ್ತಿದಾಗ ತಗ್ಗು ಬೀಳುವಷ್ಟು ಮಾತ್ರ ಮೆದುವಾಗುತ್ತದೆ. ಆ ಹದಕ್ಕೆ ಫ್ರೆಂಚರು 'ಪೊಮಾದ್', ಅಂದರೆ ಮುಲಾಮು ಎನ್ನುತ್ತಾರೆ. ಒಳ್ಳೆಯ ಹೆಸರು. ನಮ್ಮ ದಾವಣಗೆರೆಯಲ್ಲಿ ಆ ದಿನ ನನ್ನ ಅಡುಗೆಮನೆಯ ಉಷ್ಣತಾಮಾಪಕ ತೋರಿಸುತ್ತಿದ್ದುದು 35. ಬೆಣ್ಣೆಯ ಕೊಬ್ಬು ಮಂಜುಗಡ್ಡೆಯಂತೆ ಒಂದೇ ನಿರ್ದಿಷ್ಟ ಉಷ್ಣತೆಯಲ್ಲಿ ಕರಗುವುದಿಲ್ಲ. ಅದರಲ್ಲಿ ಹಲವು ಬಗೆಯ ಕೊಬ್ಬುಗಳಿವೆ. ಕೆಲವು ಫ್ರಿಜ್ಜಿನ ಚಳಿಯಲ್ಲೂ ದ್ರವವಾಗಿಯೇ ಇರುತ್ತವೆ. ಉಷ್ಣತೆ ಏರಿದಂತೆ ಉಳಿದವು ಒಂದೊಂದಾಗಿ ಕರಗುತ್ತಾ ಹೋಗಿ, ಸುಮಾರು 35 ಡಿಗ್ರಿ ಮುಟ್ಟುವಾಗ ಎಲ್ಲವೂ ಎಣ್ಣೆ. ನಾನು ಹಿಟ್ಟಿಗೆ ಸುರಿದದ್ದು ಬೆಣ್ಣೆಯನ್ನಲ್ಲ, ಬೆಣ್ಣೆಯಾಗಿದ್ದ ಏನನ್ನೋ.

ಎರಡನೆಯ ಸಲ ಹಾಗಾಗಬಾರದೆಂದು, ಕರಗಿದ್ದ ಬೆಣ್ಣೆಯನ್ನೇ ಫ್ರಿಜ್ಜಿನಲ್ಲಿಟ್ಟು ಮತ್ತೆ ಗಟ್ಟಿ ಮಾಡಿದೆ. ಭೌತ ಬದಲಾವಣೆ ತಾನೇ, ಮೊದಲಿನ ಸ್ಥಿತಿಗೆ ಮರಳುತ್ತದಲ್ಲ! ಮರುದಿನ ಬಟ್ಟಲನ್ನು ಬೋರಲು ಹಾಕಿದರೆ ಮೊದಲು ಬಿದ್ದದ್ದು ಬೆಳ್ಳಗಿನ ಕದಡು ನೀರು. ಅದರ ಮೇಲಿದ್ದ ಗಡ್ಡೆಯನ್ನು ಬೆರಳಲ್ಲಿ ಉಜ್ಜಿದೆ. ನುಣುಪಿಲ್ಲ. ಮರಳು ಮರಳು.

ಹನ್ನೆರಡು ವರ್ಷದ ಹಿಂದಿನ ಆ ಕೆಂಪು ಗೆರೆ ಆಗ ಕಣ್ಣ ಮುಂದೆ ಬಂತು.

ಬೆಣ್ಣೆ ಎಂದರೆ ಬರೀ ಕೊಬ್ಬಲ್ಲ. ಅಂಗಡಿಯಲ್ಲಿ ಸಿಗುವ ಪೊಟ್ಟಣದ ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಬ್ಬು ಇರಬೇಕೆಂಬ ನಿಯಮ ನಮ್ಮಲ್ಲಿದೆ. ಫ್ರಾನ್ಸಿನಲ್ಲಿ ಉಪ್ಪಿಲ್ಲದ ಬೆಣ್ಣೆಗೆ ಅದು 82. ನೀರು ನೂರಕ್ಕೆ 16 ಪಾಲು ಮೀರುವಂತಿಲ್ಲ. ಉಳಿದದ್ದು ಹಾಲಿನ ಪ್ರೋಟೀನು, ಹಾಲಿನ ಸಕ್ಕರೆ ಮುಂತಾದವು. ನಾವು ಮನೆಯಲ್ಲಿ ಕಡೆದು ತೆಗೆಯುವ ಬೆಣ್ಣೆಯಲ್ಲಿ, ಚೆನ್ನಾಗಿ ತೊಳೆದು ಹಿಂಡದಿದ್ದರೆ, ನೀರು ಇನ್ನೂ ಹೆಚ್ಚು. ಈ ನೀರು ಎಲ್ಲಿ ಅಡಗಿರುತ್ತದೆ? ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೊಬ್ಬಿನೊಳಗೆ ಹುದುಗಿರುತ್ತದೆ. ಕೊಬ್ಬಿನ ನವಿರಾದ ಹರಳುಗಳು ಆ ಹನಿಗಳನ್ನು ಅಲ್ಲಲ್ಲೇ ಹಿಡಿದಿಡುತ್ತವೆ. ನಮ್ಮ ಅಜ್ಜಿಯಂದಿರು ಬೆಳಗಿನ ತಂಪಿನಲ್ಲಿ ಕಡಗೋಲು ಹಿಡಿದು ಕಟ್ಟುತ್ತಿದ್ದುದು ಇಂಥ ಒಂದು ಸೂಕ್ಷ್ಮ ರಚನೆಯನ್ನು.

ಕರಗಿಸಿದಾಗ ಹರಳು ಹೋಯಿತು, ಹನಿಗಳು ಬಿಡುಗಡೆಯಾದವು, ಒಂದಕ್ಕೊಂದು ಕೂಡಿ ಭಾರಕ್ಕೆ ತಳ ಸೇರಿದವು. ಮತ್ತೆ ತಣಿಸಿದರೆ ಕೊಬ್ಬು ಗಟ್ಟಿಯಾಗುತ್ತದೆ ನಿಜ, ಆದರೆ ನೀರು ತಾನಾಗಿಯೇ ಒಳಗೆ ಹೋಗಿ ಕೂರುವುದಿಲ್ಲ. ನಿಧಾನವಾಗಿ ತಣಿದರಂತೂ ಕೊಬ್ಬಿನ ಹರಳುಗಳು ದೊಡ್ಡದಾಗಿ ಬೆಳೆದು ತರಿತರಿಯಾಗುತ್ತವೆ. ಒಳ್ಳೆಯ ತುಪ್ಪ ಮರಳು ಮರಳಾಗಿರುವುದೂ ಇದೇ ಕಾರಣಕ್ಕೆ. ಹೊಸ ವಸ್ತು ಯಾವುದೂ ಹುಟ್ಟಲಿಲ್ಲ, ಹಾಗಾಗಿ ಇದು ಭೌತ ಬದಲಾವಣೆಯೇ. ಪುಸ್ತಕ ಅಷ್ಟರಮಟ್ಟಿಗೆ ಸರಿ. ಆದರೆ 'ಮೊದಲಿನ ಸ್ಥಿತಿಗೆ ಮರಳುತ್ತದೆ' ಎಂಬ ಮಾತು ನೀರಿಗೆ, ಮೇಣಕ್ಕೆ ಹೊಂದುವಂತೆ ಬೆಣ್ಣೆಗೆ ಹೊಂದುವುದಿಲ್ಲ. ಹುಡುಗಿ ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ನೀವೇ ಪರೀಕ್ಷಿಸಿ. 50 ಗ್ರಾಂ ಬೆಣ್ಣೆಯನ್ನು ಗಾಜಿನ ಲೋಟಕ್ಕೆ ಹಾಕಿ. ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಕಲಕಬೇಡಿ. ಪೂರ್ತಿ ಕರಗಿದ ಮೇಲೆ ಹೊರಗೆ ತೆಗೆದು ಆರಲು ಬಿಟ್ಟು, ಆಮೇಲೆ ಫ್ರಿಜ್ಜಿನಲ್ಲಿಡಿ. ಮರುದಿನ ತಳದಲ್ಲಿ ನೀರಿನ ಪದರ ಕಾಣುತ್ತದೆ. ಪೊಟ್ಟಣದ ಬೆಣ್ಣೆಯಾದರೆ ಅದು ಹೆಚ್ಚೆಂದರೆ 8 ಗ್ರಾಂ ಇದ್ದೀತು.

ಇಷ್ಟು ನೀರಿನಿಂದ ಬಿಸ್ಕತ್ತಿಗೆ ಏನು ಧಕ್ಕೆ ಎಂದು ಕೇಳಬಹುದು. ಇದಕ್ಕೆ ಗೋಧಿಯ ಸ್ವಭಾವ ತಿಳಿಯಬೇಕು. ಗೋಧಿ ಹಿಟ್ಟಿನಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ಒಣ ಹಿಟ್ಟಿನಲ್ಲಿ ಅವು ತೆಪ್ಪಗಿರುತ್ತವೆ. ನೀರು ತಾಕಿ ನಾದಿದರೆ ಎರಡೂ ಹೆಣೆದುಕೊಂಡು ಗ್ಲುಟೆನ್ ಎಂಬ ರಬ್ಬರಿನಂಥ ಬಲೆಯಾಗುತ್ತದೆ. ಇದನ್ನು ಹಿಟ್ಟಿನಿಂದ ಬೇರ್ಪಡಿಸಿ ವರದಿ ಪ್ರಕಟಿಸಿದವನು ಇಟಲಿಯ ಬೊಲೊನ್ಯ ನಗರದ ಬೆಕ್ಕಾರಿ, 1745ರಲ್ಲಿ. ಅವನ ಪ್ರಯೋಗಕ್ಕೆ ಪ್ರಯೋಗಶಾಲೆ ಬೇಡ. ನಿಂಬೆ ಗಾತ್ರದ ಮೈದಾ ಹಿಟ್ಟಿನ ಉಂಡೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ನಿಧಾನವಾಗಿ ಹಿಸುಕುತ್ತಾ ತೊಳೆಯಿರಿ. ಪಿಷ್ಟ ಹಾಲಿನಂತೆ ಕರಗಿ ಹೋಗುತ್ತದೆ. ಕೈಯಲ್ಲಿ ಉಳಿಯುವ ಬೂದು ಬಣ್ಣದ, ಎಳೆದರೆ ಬರುವ ಅಂಟು ಮುದ್ದೆಯೇ ಗ್ಲುಟೆನ್.

ಹೋಳಿಗೆಯ ಕಣಕಕ್ಕೆ ಇದು ಬೇಕೇ ಬೇಕು. ಅದಕ್ಕೇ ಅದನ್ನು ಅಷ್ಟು ಹೊತ್ತು ನಾದುತ್ತಾರೆ, ನೆನೆಯಲು ಬಿಡುತ್ತಾರೆ. ಬಲೆ ಗಟ್ಟಿಯಾದಷ್ಟೂ ಹೋಳಿಗೆ ಹರಿಯದೆ ತೆಳ್ಳಗಾಗುತ್ತದೆ. ಸಾಬ್ಲೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಬಲೆ ಹುಟ್ಟಲೇಬಾರದು. ಹಿಟ್ಟಿನ ಕಣಕಣಕ್ಕೂ ಮೊದಲೇ ಜಿಡ್ಡಿನ ಅಂಗಿ ತೊಡಿಸಿಬಿಟ್ಟರೆ ನೀರು ಪ್ರೋಟೀನನ್ನು ಮುಟ್ಟಲಾರದು. ಅದಕ್ಕೇ ಫ್ರೆಂಚರು ತಣ್ಣನೆಯ ಬೆಣ್ಣೆಯನ್ನು ಹಿಟ್ಟಿನೊಂದಿಗೆ ಬೆರಳ ತುದಿಯಲ್ಲಿ ಉಜ್ಜಿ ಉಜ್ಜಿ ಮರಳಿನಂತೆ ಮಾಡುತ್ತಾರೆ. ಈ ಕೆಲಸದ ಹೆಸರೇ 'ಸಾಬ್ಲಾಜ್', ಮರಳು ಮಾಡುವುದು. ನಾನು ಮಾಡಿದ್ದೇನು? ಬೆಣ್ಣೆ ಕರಗಿಸಿ ನೀರನ್ನು ಬಿಟ್ಟುಕೊಟ್ಟೆ, ಮೇಲಿಂದ ಹದಿನೈದು ನಿಮಿಷ ನಾದಿ ಬಲೆ ಹೆಣೆದೆ. ಹರಡಿದ್ದು ಎಣ್ಣೆಯ ಕೃಪೆ, ಗಟ್ಟಿಯಾದದ್ದು ನನ್ನ ತೋಳಿನ ಕೃಪೆ.

ಇದನ್ನೆಲ್ಲ ಬಹಳ ಉತ್ಸಾಹದಿಂದ ನನ್ನಾಕೆಗೆ ವಿವರಿಸಿದೆ. ಅವಳು ಸೊಪ್ಪು ಸೋಸುತ್ತಾ ಕೇಳಿಸಿಕೊಂಡು, "ಶಂಕರಪೋಳಿಗೆ ಮೊದಲು ಒಣ ಹಿಟ್ಟಿಗೆ ತುಪ್ಪ ಹಾಕಿ ಉಜ್ಜಲ್ವೇ? ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಅದೇ ತಾನೇ ಇದು? ಮೊದಲೇ ಕೇಳಿದ್ದರೆ ಹೇಳ್ತಿದ್ದೆ" ಎಂದಳು. ನಾನ್‌ಖಟಾಯಿ ಅಷ್ಟು ಚೆನ್ನಾಗಿ ಉದುರುವುದಕ್ಕೂ ಇದೇ ಕಾರಣ. ತುಪ್ಪದಲ್ಲಾಗಲಿ ವನಸ್ಪತಿಯಲ್ಲಾಗಲಿ ನೀರು ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಬಿಸ್ಕತ್ತಿನ ತವರಿನ ವಿಷಯ. ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ ಸಾಬ್ಲೆ-ಸೂರ್-ಸಾರ್ಥ್ ಎಂಬ ಸಣ್ಣ ಪಟ್ಟಣವಿದೆ. ಸಾರ್ಥ್ ನದಿಯ ದಡದ ಸಾಬ್ಲೆ ಎಂದು ಅರ್ಥ. 1670ರಲ್ಲಿ ಸಾಬ್ಲೆಯ ಮಾರ್ಕಿಸ್ ಎಂಬ ಶ್ರೀಮಂತ ಮಹಿಳೆಯ ಮೂಲಕ ಈ ಬಿಸ್ಕತ್ತು ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನ ಸೇರಿತು ಎಂಬ ಕಥೆಯನ್ನು ಆ ಊರಿನವರು ಹೇಳುತ್ತಾರೆ. ಆ ಮಹಿಳೆ ಕಲ್ಪನೆಯವಳಲ್ಲ. 1599ರಿಂದ 1678ರವರೆಗೆ ಬದುಕಿದ್ದ ಆಕೆಯ ಮನೆಯಲ್ಲಿ ಸಾಹಿತಿಗಳು ಸೇರುತ್ತಿದ್ದರು, ಆಕೆಯ ಅಡುಗೆಮನೆಗೂ ಹೆಸರಿತ್ತು. ಬಿಸ್ಕತ್ತಿಗೆ ಊರಿನಿಂದ ಹೆಸರು ಬಂತೋ ಮರಳಿನಿಂದ ಬಂತೋ ಎಂಬ ಚರ್ಚೆ ಇದ್ದೇ ಇದೆ. ಹಿಟ್ಟು ಉಜ್ಜಿ ನೋಡಿದ ನಾನಂತೂ ಮರಳಿನ ಪಕ್ಷ.

ಬ್ರಿಟನಿಯ ಬಿಸ್ಕತ್ತಿನಲ್ಲಿ ಉಪ್ಪು ಏಕೆ ಎಂಬುದು ಇದಕ್ಕಿಂತ ಸ್ವಾರಸ್ಯದ ಪ್ರಶ್ನೆ. ಫ್ರಾನ್ಸಿನ ದೊರೆಗಳು ಉಪ್ಪಿನ ಮೇಲೆ 'ಗಾಬೆಲ್' ಎಂಬ ತೆರಿಗೆ ಹಾಕಿದ್ದರು. ತೆರಿಗೆ ಅತಿ ಭಾರವಾಗಿದ್ದ ಪ್ರಾಂತಗಳಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕಕ್ಕೂ ಇಂತಿಷ್ಟು ಉಪ್ಪನ್ನು ಸರ್ಕಾರದ ಉಗ್ರಾಣದಿಂದ ಕೊಳ್ಳಲೇಬೇಕಿತ್ತು. ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ! ಬ್ರಿಟನಿಗೆ ಈ ತೆರಿಗೆಯಿಂದ ವಿನಾಯಿತಿ ಇತ್ತು. ಅದರ ಕಡಲ ತೀರದ ಗದ್ದೆಗಳಲ್ಲಿ ಉಪ್ಪು ಬೆಳೆಯುತ್ತಿದ್ದರು. ಉಪ್ಪು ಅಗ್ಗವಾದ್ದರಿಂದ ಬೆಣ್ಣೆ ಕೆಡದಂತೆ ಅದರಲ್ಲಿ ಧಾರಾಳವಾಗಿ ಬೆರೆಸಿದರು. ನಾಲಿಗೆಗೆ ಅದೇ ರೂಢಿಯಾಯಿತು. ಗಡಿ ದಾಟಿ ಪಕ್ಕದ ಪ್ರಾಂತಕ್ಕೆ ಹೋದರೆ ಅದೇ ಉಪ್ಪಿನ ಬೆಲೆ ಹಲವು ಪಟ್ಟು. ಹೀಗಾಗಿ ಆ ಗಡಿಯಲ್ಲಿ ಉಪ್ಪಿನ ಕಳ್ಳಸಾಗಣೆ ದೊಡ್ಡ ದಂಧೆಯಾಗಿತ್ತು. ಕ್ರಾಂತಿಕಾರಿಗಳು 1790ರಲ್ಲಿ ಗಾಬೆಲನ್ನು ರದ್ದು ಮಾಡಿದರು. ನೆಪೋಲಿಯನ್ 1806ರಲ್ಲಿ ಉಪ್ಪಿನ ಮೇಲೆ ಮತ್ತೆ ತೆರಿಗೆ ಹೇರಿದ. 1930ರ ದಂಡಿ, ಅಂಕೋಲೆಗಳ ಪಾಠ ಓದಿದ ನಮ್ಮ ಮಕ್ಕಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕ್ರಾಂತಿ ಮುಗಿದು ಇನ್ನೂರು ವರ್ಷ ದಾಟಿದರೂ ಬ್ರಿಟನಿಯ ಅಂಗಡಿಗಳಲ್ಲಿ ಉಪ್ಪುಬೆಣ್ಣೆಯದೇ ಮೇಲುಗೈಯಂತೆ. ಬೆಣ್ಣೆ ಕೇಳಿದರೆ ಉಪ್ಪಿನದನ್ನೇ ಕೊಡುತ್ತಾರೆ, ಉಪ್ಪಿಲ್ಲದ್ದು ಬೇಕಾದರೆ ಬಾಯಿಬಿಟ್ಟು ಹೇಳಬೇಕು ಎಂದು ಸೊಸೆ ಹೇಳಿದಳು.

ಅಂದ ಹಾಗೆ, ಅವಳ ಚೀಟಿಯಲ್ಲಿ '55ನೇ ನಂಬರಿನ ಹಿಟ್ಟು' ಎಂದಿತ್ತು. ಇದೇನು ಬಸ್ಸಿನ ನಂಬರೇ ಎಂದುಕೊಂಡಿದ್ದೆ. ವಿಚಾರಿಸಿದರೆ ಅದು ಬೂದಿಯ ಲೆಕ್ಕ! ನೂರು ಗ್ರಾಂ ಒಣ ಹಿಟ್ಟನ್ನು ಕುಲುಮೆಯಲ್ಲಿ ಪೂರ್ತಿ ಸುಟ್ಟರೆ ಸುಮಾರು 0.55 ಗ್ರಾಂ ಬೂದಿ ಉಳಿಯುತ್ತದೆ. ಆ ಬೂದಿ ಹಿಟ್ಟಿನಲ್ಲಿದ್ದ ಖನಿಜಾಂಶ. ಖನಿಜ ಹೆಚ್ಚಾಗಿ ಇರುವುದು ತೌಡಿನಲ್ಲಿ. ಹಾಗಾಗಿ ಹಿಟ್ಟು ಬೆಳ್ಳಗಾದಷ್ಟೂ ಬೂದಿ ಕಡಿಮೆ, ನಂಬರೂ ಕಡಿಮೆ. ಇಡೀ ಗೋಧಿಯ ಹಿಟ್ಟಿಗೆ ನಂಬರು 150. ಒಂದು ವಸ್ತುವನ್ನು ಸುಟ್ಟು ಅದರ ಗುಣ ಅಳೆಯುವ ಈ ಉಪಾಯ ನನಗೆ ಬಹಳ ಹಿಡಿಸಿತು. ನಮಗೆ ಮೈದಾ ಸಾಕು.

ಈಗ ಮಾಡುವ ಬಗೆ. ಮೈದಾ 200 ಗ್ರಾಂ, ಬೆಣ್ಣೆ 130 ಗ್ರಾಂ, ಪುಡಿ ಮಾಡಿದ ಸಕ್ಕರೆ 80 ಗ್ರಾಂ, ಒಂದು ಮೊಟ್ಟೆಯ ಹಳದಿ. ಬೆಣ್ಣೆ ಉಪ್ಪಿಲ್ಲದ್ದಾದರೆ ಅರ್ಧ ಚಿಕ್ಕ ಚಮಚ ಉಪ್ಪು. ಲೋಟದ ಅಳತೆ ಬೇಡ, ತಕ್ಕಡಿಯಲ್ಲಿ ತೂಗಿ. ನಮ್ಮ ಮನೆಯ ಒಲೆಯ ಬಳಿ ಮೊಟ್ಟೆ ಬರುವಂತಿಲ್ಲ. ಹಾಗಾಗಿ ನಾನು ಒಂದು ಲೆಕ್ಕ ಹಾಕಿದೆ. ಒಂದು ಹಳದಿ ಸುಮಾರು 18 ಗ್ರಾಂ ತೂಗುತ್ತದೆ, ಅದರಲ್ಲಿ ಸರಿಸುಮಾರು ಅರ್ಧ ನೀರು. ಎರಡು ಚಿಕ್ಕ ಚಮಚ ತಣ್ಣನೆಯ ಹಾಲು ಹಾಕಿದರೆ ಅಷ್ಟೇ ತೇವ ಸಿಗುತ್ತದೆ. ಹಳದಿಯ ಬಣ್ಣವೂ ಅದರ ಜಿಡ್ಡಿನ ಮೃದುತ್ವವೂ ಸಿಗುವುದಿಲ್ಲ, ಆದರೆ ಬಿಸ್ಕತ್ತು ಚೆನ್ನಾಗಿಯೇ ಬರುತ್ತದೆ.

ಕೆಲಸ ಬೆಳಗಿನ ತಂಪಿನಲ್ಲಿ ಆಗಬೇಕು. ನಾನು ಐದೂವರೆಗೆ ಶುರುಮಾಡಿದೆ. ಹಿಟ್ಟು ಮತ್ತು ಬೋಗುಣಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಸೇರಿಸಿದ್ದೆ. ಗಟ್ಟಿ ಬೆಣ್ಣೆಯನ್ನು ಕಡಲೆಕಾಳಿಗಿಂತ ತುಸು ದೊಡ್ಡ ಚೂರುಗಳಾಗಿ ಕತ್ತರಿಸಿ, ಹಿಟ್ಟು ಉಪ್ಪುಗಳ ಜೊತೆ ಬೆರಳ ತುದಿಯಲ್ಲಿ ಉಜ್ಜಬೇಕು. ಅಂಗೈ ತಾಗಿಸಬೇಡಿ, ಅದು ಬೆಚ್ಚಗಿರುತ್ತದೆ. ಐದಾರು ನಿಮಿಷದಲ್ಲಿ ಹಿಟ್ಟು ನಸು ಹಳದಿಯ ಮರಳಾಗುತ್ತದೆ. ಮಧ್ಯೆ ಬೆಣ್ಣೆ ಮಿರುಗಲು ತೊಡಗಿದರೆ ಅದು ಕರಗುತ್ತಿದೆ ಎಂದು ತಿಳಿದು, ಬೋಗುಣಿಯನ್ನು ಹಾಗೆಯೇ ಕಾಲು ಗಂಟೆ ಫ್ರಿಜ್ಜಿಗೆ ಕಳಿಸಿ. ಆಮೇಲೆ ಸಕ್ಕರೆ, ಕೊನೆಗೆ ಹಳದಿ ಅಥವಾ ಹಾಲು. ಒಟ್ಟುಗೂಡಿಸಿ ಒತ್ತಿದರೆ ಸಾಕು, ನಾದಕೂಡದು. ಉಂಡೆ ಬಿರುಕು ಬಿರುಕಾಗಿ ಕಂಡರೆ ಹೆದರಬೇಡಿ. ಅದರ ಮೇಲೆ ನೀರು ಚಿಮುಕಿಸುವ ಆಸೆಯನ್ನು ತಡೆದುಕೊಳ್ಳಿ. ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಲಟ್ಟಣಿಗೆಯಿಂದ ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪಕ್ಕೆ ಲಟ್ಟಿಸಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ, ಫೋರ್ಕಿನಿಂದ ಮೇಲೆ ಗೆರೆ ಎಳೆದರೆ ಬ್ರಿಟನಿಯ 'ಗಾಲೆತ್' ಬಿಸ್ಕತ್ತಿನ ಚಹರೆ ಬರುತ್ತದೆ. ಇದನ್ನೇ ದಪ್ಪಗೆ, ಬೇಕಿಂಗ್ ಪೌಡರ್ ಸೇರಿಸಿ, ಲೋಹದ ಬಳೆಯೊಳಗಿಟ್ಟು ಬೇಯಿಸಿದರೆ ಅದಕ್ಕೆ 'ಪಾಲೆ' ಎನ್ನುತ್ತಾರೆ.

ಚೀಟಿಯಲ್ಲಿ ಉಷ್ಣತೆಯ ಬದಲು 'ಥರ್ಮೋಸ್ಟಾಟ್ 6' ಎಂದಿತ್ತು. ಫ್ರೆಂಚರ ಹಳೆಯ ಓವನ್ನುಗಳ ಗುಂಡಿಯಲ್ಲಿ ಒಂದೊಂದು ಅಂಕಿಗೆ 30 ಡಿಗ್ರಿ. ಆರು ಮೂವತ್ತಲೆ 180. ನಮ್ಮ ಚಿಕ್ಕ ಓವನ್ನುಗಳು ಒಂದು ಕಡೆ ಹೆಚ್ಚು ಕಾಯುವುದರಿಂದ 170 ಸಾಕು. ಹನ್ನೆರಡರಿಂದ ಹದಿನೈದು ನಿಮಿಷದಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ. ಓವನ್ನಿಲ್ಲದವರು ಹಳೆಯ ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಮರಳು ಹರಡಿ, ಮೇಲೆ ಕುಕ್ಕೆ ಇಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ತಟ್ಟೆಯನ್ನು ಒಳಗಿಡಬಹುದು. ಇದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ, ಮೇಲ್ಮೈ ಅಷ್ಟಾಗಿ ಕಂದು ಬರುವುದಿಲ್ಲ. ಮರಳು ಶಾಖವನ್ನು ತಡೆದು ನಿಧಾನವಾಗಿ ಬಿಡುತ್ತದೆ, ತಳ ಸೀಯುವುದಿಲ್ಲ. ಒಲೆಯ ಬಳಿ ದೊಡ್ಡವರಿರಲಿ.

ಬೇಯುವಾಗ ಮನೆ ತುಂಬುವ ಪರಿಮಳ ನಿಮಗೆ ಪರಿಚಿತವೆನ್ನಿಸಿದರೆ ಆಶ್ಚರ್ಯವಿಲ್ಲ. ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ, ತಳದ ಗಸಿ ಕಂದಾಗುವ ಹೊತ್ತಿಗೆ ಬರುವ ಘಮವೂ ಇದೇ ಕುಲದ್ದು. ಹಾಲಿನ ಪ್ರೋಟೀನು ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಾವಿನಲ್ಲಿ ಕೂಡಿ ನೂರಾರು ಹೊಸ ಸಂಯುಕ್ತಗಳನ್ನು ಕೊಡುತ್ತವೆ. ಇದನ್ನು 1912ರಲ್ಲಿ ವರದಿ ಮಾಡಿದವನು ಲೂಯಿ ಕಮೀಯ್ ಮೈಯಾರ್. ಅವನೂ ಫ್ರೆಂಚ್. ನಾವು ಹಾಕುವ ಬಿಳಿ ಸಕ್ಕರೆ ಇದರಲ್ಲಿ ನೇರವಾಗಿ ಪಾಲುಗೊಳ್ಳುವುದಿಲ್ಲ. ಬೆಣ್ಣೆಯ ಬದಲು ಎಣ್ಣೆ ಹಾಕಿದ ಬಿಸ್ಕತ್ತಿಗೆ ಆ ಪರಿಮಳ ಬಾರದಿರುವುದು ಹಾಲಿನ ಈ ಅಂಶಗಳು ಇಲ್ಲದ್ದರಿಂದ. ಇದು ಮಾತ್ರ ಅಪ್ಪಟ ರಾಸಾಯನಿಕ ಬದಲಾವಣೆ. ಹಿಂದಿರುಗುವ ಮಾತೇ ಇಲ್ಲ.

ಹೊರಗೆ ತೆಗೆದಾಗ ಬಿಸ್ಕತ್ತು ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ಕೆಟ್ಟಿತು. ಹತ್ತು ನಿಮಿಷ ಮುಟ್ಟದೆ ಬಿಡಿ. ಕೊಬ್ಬು, ಸಕ್ಕರೆ ಎರಡೂ ತಣಿದು ಬಿಗಿಯಾಗುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಧಾರಾಳವಾಗಿ ಇರುತ್ತದೆ ಎಂದು ಕೇಳಿದ್ದೇನೆ. ನಮ್ಮಲ್ಲಿ ಮೂರನೆಯ ದಿನಕ್ಕೆ ಉಳಿದ ಉದಾಹರಣೆ ಇಲ್ಲ.

ಜೂನ್‌ನಲ್ಲಿ ಶಾಲೆ ತೆರೆದು ಆ ಪಾಠ ಬಂದಾಗ ಬೆಣ್ಣೆಯ ಗಾಜಿನ ಲೋಟವನ್ನು ತರಗತಿಗೆ ಕೊಂಡೊಯ್ದೆ. ಹನ್ನೆರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿನಿಗೆ ನಾನು ತಪ್ಪಾಗಿ ಅಂಕ ಕಳೆದ ಕಥೆಯನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಹಾಗಾದ್ರೆ ಪರೀಕ್ಷೇಲಿ ಯಾವುದನ್ನ ಬರೀಬೇಕು ಸರ್?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. 'ಭೌತ ಬದಲಾವಣೆ, ಹೊಸ ವಸ್ತು ಉಂಟಾಗಲಿಲ್ಲ' ಎಂದು ಬರೆದು ನಿಲ್ಲಿಸು, ಉಳಿದದ್ದನ್ನು ಕಂಡಂತೆ ಬರಿ, ನಾನು ತಿದ್ದುವ ಪತ್ರಿಕೆಯಲ್ಲಿ ಅಂಕ ಹೋಗುವುದಿಲ್ಲ ಎಂದೆ. ಬೇರೆಯವರು ತಿದ್ದುವ ಪತ್ರಿಕೆಯ ಬಗ್ಗೆ ಅವನು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.

ಆ ಹುಡುಗಿಯ ತಂದೆ ಈಗಲೂ ಅದೇ ಹೋಟೆಲಿಗೆ ಬೆಣ್ಣೆ ಹಾಕುತ್ತಾರೆ. ಒಂದು ಬೆಳಿಗ್ಗೆ ಅಲ್ಲಿ ಕಾದು ನಿಂತು, ಇಪ್ಪತ್ತು ಬಿಸ್ಕತ್ತಿನ ಪೊಟ್ಟಣವನ್ನೂ ಒಂದು ಚೀಟಿಯನ್ನೂ ಕೊಟ್ಟೆ. ಚೀಟಿಯಲ್ಲಿ '2ಕ್ಕೆ 2' ಎಂದಷ್ಟೇ ಬರೆದು ಸಹಿ ಮಾಡಿದ್ದೆ. ಮಗಳಿಗೆ ಮದುವೆಯಾಗಿ ಹರಿಹರದಲ್ಲಿದ್ದಾಳೆ, ಕಳಿಸುತ್ತೇನೆ ಎಂದರು. ನಾಲ್ಕನೆಯ ದಿನ ಅವಳದೇ ಫೋನು ಬಂತು. "ಬಿಸ್ಕತ್ತು ಚೆನ್ನಾಗಿತ್ತು ಸರ್, ಉಪ್ಪು ಒಂಚೂರು ಕಮ್ಮಿ. ಹಸುವಿನ ಬೆಣ್ಣೆ ಹಾಕಿದೀರಿ ಅಲ್ವಾ? ಎಮ್ಮೆ ಬೆಣ್ಣೆ ಇನ್ನೂ ಗಟ್ಟಿ ಸರ್, ಬಿಸಿಲಿಗೆ ಬೇಗ ಮೆತ್ತಗಾಗಲ್ಲ. ಅದರಲ್ಲಿ ಮಾಡಿ ನೋಡಿ" ಎಂದಳು.

ಈ ಶನಿವಾರ ಅವರ ಮನೆಯಿಂದಲೇ ಅರ್ಧ ಕಿಲೋ ಎಮ್ಮೆ ಬೆಣ್ಣೆ ತರಿಸಿದ್ದೇನೆ. ಬೆಳ್ಳಗೆ ಸುಣ್ಣದುಂಡೆಯ ಹಾಗೆ ಫ್ರಿಜ್ಜಿನಲ್ಲಿ ಕುಳಿತಿದೆ. ನಾಳೆ ಐದೂವರೆಗೆ ಏಳಬೇಕು.